ದೊಡ್ಡಪ್ಪನ ಮೇಲೆ ಬೀಳುತ್ತಿದ್ದ ಹಲ್ಲಿಗಳು

ಮಳೆಗಾಲ ಶುರುವಾಯಿತೆಂದರೆ ನಾನು ಮನೆಯಲ್ಲಿ ನಿಲ್ಲುವವಳಲ್ಲ. ಹುಣಸೂರಿನ ನನ್ನ ಮನೆಯ ಬಾಗಿಲ ಹಿಂದೆ ಒಂದು ಜೊತೆ ರಬ್ಬರ್ ಬೂಟು, ತುದಿ ಬಗ್ಗಿಸಿದ ಕಡ್ಡಿ, ಟಾರ್ಚು ಯಾವಾಗಲೂ ಸಿದ್ಧವಾಗಿರುತ್ತವೆ. ಕೆರೆಯಂಚು, ಕಲ್ಲುಗುಡ್ಡೆ, ಲಂಟಾನದ ಪೊದೆ, ಹಾಳುಬಿದ್ದ ಗೋಡೆ, ಎಲ್ಲೆಲ್ಲಿ ಕಪ್ಪೆ, ಹಾವು, ಹಾವರಾಣಿ, ಗೋಸುಂಬೆ ಇರಬಹುದೋ ಅಲ್ಲೆಲ್ಲ ಬಗ್ಗಿ ನೋಡುತ್ತ ನನ್ನ ವಯಸ್ಸು ಸವೆದಿದೆ. ಹಿಡಿದು ತರುವುದಿಲ್ಲ. ನೋಡುತ್ತೇನೆ, ಕಣ್ಣು ತುಂಬಿದ ಮೇಲೆ ಎತ್ತಿದ ಕಲ್ಲನ್ನು ಇದ್ದಂತೆಯೇ ಇಟ್ಟು ಬರುತ್ತೇನೆ. ಅಂಚೆ ಕಚೇರಿಯ ಕೆಲಸದಲ್ಲಿದ್ದಾಗ ಜೊತೆಯವರು ‘ಈ ಹುಚ್ಚು ನಿಮಗೆ ಯಾರಿಂದ ಬಂತು ಮೇಡಂ?’ ಎಂದು ಕೇಳುತ್ತಿದ್ದರು. ಅವ್ವನಿಂದ ಎನ್ನುತ್ತಿದ್ದೆ. ಅದು ನಿಜ. ಆದರೆ ಅದು ಇಷ್ಟು ವರ್ಷ ಆರದೆ ಉಳಿದದ್ದು ದೊಡ್ಡಪ್ಪನಿಂದ. ಎದುರಿಗೆ ಅವನನ್ನು ‘ನೀವು’ ಎಂದೇ ಮಾತಾಡಿಸುತ್ತಿದ್ದೆ. ಇಲ್ಲಿ ‘ಅವನು’ ಎಂದೇ ಬರೆಯುತ್ತೇನೆ. ಸತ್ತವರ ಬಗ್ಗೆ ಒಳ್ಳೆಯ ಮಾತಾಡಬೇಕು ಎನ್ನುವವರು ಈ ಅಧ್ಯಾಯವನ್ನು ದಾಟಿ ಮುಂದೆ ಹೋಗಬಹುದು.

ರಾವಂದೂರಿಗೆ ನಡೆದೇ ಹೋಗಿ ಬರುವಷ್ಟು ಹತ್ತಿರದಲ್ಲಿದ್ದ ನಮ್ಮೂರಿನಲ್ಲಿ ನಮ್ಮದು ತೊಟ್ಟಿಮನೆ. ನಡುವೆ ಆಕಾಶಕ್ಕೆ ಬಾಯಿ ತೆರೆದ ಅಂಗಳ, ಸುತ್ತ ನಾಲ್ಕು ಕಡೆ ಹೆಂಚಿನ ಮಾಡು. ಒಂದು ಕಡೆ ದನ ಕಟ್ಟುವ ಜಾಗ, ಅದರ ಪಕ್ಕ ಬಚ್ಚಲು, ಎದುರಿಗೆ ಅಡುಗೆಕೋಣೆ, ಬಾಗಿಲ ಕಡೆಗೆ ಪಡಸಾಲೆ. ಪಡಸಾಲೆಯ ಮೇಲೆ ಹಲಗೆ ಹಾಸಿದ ಅಟ್ಟ. ಬೆಲ್ಲದ ಮಡಕೆ, ಅವರೆಕಾಳಿನ ಮೂಟೆ, ಹೊಗೆಸೊಪ್ಪು ಕಟ್ಟುವ ಕಡ್ಡಿಗಳ ಕಟ್ಟು, ಮುರಿದ ತೊಟ್ಟಿಲು ಎಲ್ಲ ಅಲ್ಲಿ. ಹಿಂದಿನವರು ಬಾಳೆಗೊನೆ ಇಳಿಬಿಡಲೆಂದು ಎರಡು ಹಲಗೆಗಳ ನಡುವೆ ಕೈ ತೂರುವಷ್ಟು ಸಂದು ಬಿಟ್ಟಿದ್ದರು. ಮನೆಯಲ್ಲಿ ಇದ್ದವರು ಅಜ್ಜಿ, ಅವಳ ದೊಡ್ಡ ಮಗನಾದ ದೊಡ್ಡಪ್ಪ, ಚಿಕ್ಕ ಮಗನಾದ ನನ್ನ ಅಪ್ಪ, ಅವ್ವ ಮತ್ತು ನಾನು. ದೊಡ್ಡಮ್ಮ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದಳು. ಅವರ ಒಬ್ಬಳೇ ಮಗಳನ್ನು ಕೆ.ಆರ್. ನಗರದ ಕಡೆಯ ನೀರಾವರಿ ಊರಿಗೆ ಕೊಟ್ಟಿದ್ದರು. ಮನೆಯ ಯಜಮಾನಿಕೆ ದೊಡ್ಡಪ್ಪನದು. ಏನು ಬಿತ್ತಬೇಕು, ಯಾರು ಸಂತೆಗೆ ಹೋಗಬೇಕು, ಹೆಂಗಸರು ಯಾವ ಸೀರೆ ಉಡಬೇಕು, ಸಾರಿಗೆ ಎಷ್ಟು ಹುಣಸೆಹಣ್ಣು ಹಾಕಬೇಕು, ಎಲ್ಲವೂ ಅವನ ಬಾಯಿಂದಲೇ ಬರಬೇಕು. ಅಪ್ಪನ ಬಾಯಿಂದ ಬರುತ್ತಿದ್ದುದು ಒಂದೇ ಮಾತು, ‘ಅಣ್ಣ ಹೇಳ್ದಂಗೆ.’

ಅವ್ವ ಅಂತರಸಂತೆಯ ಕಡೆಯವಳು, ಕಾಡಿನಂಚಿನ ಹೊಲಗಳಲ್ಲಿ ಬೆಳೆದವಳು. ನಮ್ಮ ಮನೆಯೊಳಗೆ ಅವಳಿಗೆ ದನಿಯೇ ಇರಲಿಲ್ಲ. ಕೆರೆ ಏರಿಯ ಮೇಲೆ ಕಾಲಿಟ್ಟ ಕೂಡಲೇ ಅವಳು ಬೇರೆ ಹೆಂಗಸಾಗುತ್ತಿದ್ದಳು. ಬಟ್ಟೆ ಒಗೆಯುವ ನೆಪದಲ್ಲಿ, ಹಸು ಮೇಯಿಸುವ ನೆಪದಲ್ಲಿ ನನ್ನನ್ನು ಕರೆದುಕೊಂಡು ಹೋಗುತ್ತಿದ್ದಳು. ಮೊದಲ ದೊಡ್ಡ ಮಳೆಗೆ ಗದ್ದೆ ಬಯಲಿನಲ್ಲಿ ಅರಿಶಿನ ಬಳಿದಂತೆ ಹಳದಿಯಾಗಿ, ಗಂಟಲ ಎರಡು ಬದಿಗೆ ನೀಲಿ ಚೀಲ ಉಬ್ಬಿಸಿ ಕೂಗುವ ಗಂಡುಕಪ್ಪೆಗಳನ್ನು ಮೊದಲು ತೋರಿಸಿದವಳು ಅವಳು. ನೀರಿನ ತೊಟ್ಟಿಯ ಮೇಲಿನ ಕೊಂಬೆಗೆ ಅಂಟಿದ ಸೋಪಿನ ನೊರೆಯಂಥದ್ದು ಮರಗಪ್ಪೆಯ ಗೂಡು ಎಂದು ಹೇಳಿದವಳೂ ಅವಳೇ. ಕೇರೆಹಾವು ಇಲಿ ನುಂಗುವುದನ್ನು ನಾವಿಬ್ಬರೂ ಬದುವಿನ ಮೇಲೆ ಕೂತು, ಬೇರೆ ಮನೆಯವರು ನಾಟಕ ನೋಡುವ ಹಾಗೆ, ಕೊನೆಯವರೆಗೂ ನೋಡಿದ್ದೇವೆ. ಮಣ್ಣುಮುಕ್ಕ ಹಾವನ್ನು ಎರಡು ತಲೆಯದೆಂದು ಊರೆಲ್ಲ ಹೆದರುತ್ತಿದ್ದಾಗ ಅವ್ವ ಅದರ ಬಾಲದ ತುದಿಯನ್ನು ತೋರಿಸಿ ನಕ್ಕಿದ್ದಳು.

‘ಬಾಲ ನೋಡಮ್ಮಿ, ಹೆಂಗೆ ಮೊಂಡಾಗದೆ. ಅದ್ನೇ ತಲೆ ಅಂತ ತಿಳ್ಕಂಡು ಓಡೋಗ್ತಾರೆ. ನೀನು ಓಡ್ಬ್ಯಾಡ. ನಿಂತ್ಕಂಡು ನೋಡು.’

ಮನೆಯ ಹೊಸ್ತಿಲು ದಾಟುವಾಗ ಅವಳ ನಗು ಆರಿಹೋಗುತ್ತಿತ್ತು. ನನ್ನ ಕೈಯಲ್ಲಿ ಏನಾದರೂ ಇದ್ದರೆ ಅದನ್ನು ಅಲ್ಲೇ ಬಿಡಿಸಿ, ಕೈ ತೊಳೆಸಿ ಒಳಗೆ ಕರೆದೊಯ್ಯುತ್ತಿದ್ದಳು. ಒಂದೇ ಒಂದು ಸಲ ಆ ಕಟ್ಟಳೆಯನ್ನು ಅವಳೇ ಮುರಿದಳು.

ಅದು ಹೊಗೆಸೊಪ್ಪು ಬೇಯಿಸುವ ಕಾಲ. ಮನೆಯ ಹಿಂದೆ ಹೊಲದ ಮಗ್ಗುಲಿಗೆ ನಮ್ಮ ಬ್ಯಾರನ್ನು ಇತ್ತು. ಎತ್ತರದ ಗೋಡೆಯ, ಕಿಟಕಿಯಿಲ್ಲದ ಆ ಕಟ್ಟಡದೊಳಗೆ ಕಡ್ಡಿಗೆ ಕಟ್ಟಿದ ಹಸಿ ಸೊಪ್ಪನ್ನು ತೂಗುಹಾಕಿ, ಹೊರಗಿನ ಒಲೆಗೆ ಸೌದೆ ಒಟ್ಟಿ, ಹಗಲೂ ರಾತ್ರಿ ಒಂದೇ ಹದದ ಕಾವು ಕೊಡಬೇಕು. ಕಾವು ತಪ್ಪಿದರೆ ಬಂಗಾರದ ಬಣ್ಣಕ್ಕೆ ತಿರುಗಬೇಕಾದ ಸೊಪ್ಪು ಕರ್ರಗಾಗಿ ಹೋಗುತ್ತದೆ. ಒಂದು ಮಧ್ಯಾಹ್ನ ಅವ್ವ ಸೌದೆ ತರಲು ಹೋದವಳು ಗಾಡಿದಾರಿಯ ನಡುವೆ ಒಂದು ಗೋಸುಂಬೆಯನ್ನು ಕಂಡಳು. ಮರದ ಮೇಲಿರುವ ಪ್ರಾಣಿ ನೆಲಕ್ಕಿಳಿದು, ಒಂದು ಹೆಜ್ಜೆ ಮುಂದಿಟ್ಟು ತೂಗಿ, ಮತ್ತೆ ಹಿಂದಿಟ್ಟು ತೂಗಿ, ಗಾಡಿ ಬಂದರೂ ಅವಸರವಿಲ್ಲದೆ ದಾಟುತ್ತಿತ್ತು. ಹೊಟ್ಟೆ ತುಂಬ ಮೊಟ್ಟೆ. ಅವ್ವ ಅದನ್ನು ಸೆರಗಿನಲ್ಲಿ ಎತ್ತಿಕೊಂಡು ಬಂದು ನಮ್ಮ ಹಿತ್ತಲಿನ ಅವರೆ ಚಪ್ಪರದ ಮೇಲೆ ಬಿಟ್ಟಳು. ಚಪ್ಪರದ ಬುಡದಲ್ಲಿ ಸಡಿಲ ಮಣ್ಣಿತ್ತು.

‘ಬಸ್ರಿ ಕಣಮ್ಮಿ ಇದು. ಮಣ್ಣು ತೋಡಿ ಮೊಟ್ಟೆ ಇಡಾಕೆ ಜಾಗ ಹುಡುಕ್ತಾ ಅದೆ. ಇಲ್ಲಿ ಇಟ್ಬುಟ್ಟು ಹೋಗ್ಲಿ. ಕೋಳಿ ಬರ್ದಂಗೆ ನೋಡ್ಕೊ.’

ನಾನು ಕೋಳಿ ಕಾದೆ. ಅದು ಅವರೆ ಎಲೆಯ ಬಣ್ಣಕ್ಕೆ ತಿರುಗಿ, ಒಂದು ಕಣ್ಣನ್ನು ನನ್ನ ಕಡೆಗೂ ಇನ್ನೊಂದನ್ನು ಮಣ್ಣಿನ ಕಡೆಗೂ ತಿರುಗಿಸಿಕೊಂಡು ಕೂತಿತ್ತು. ಅವ್ವ ಅಡುಗೆಕೋಣೆಯಿಂದ ಆಗಾಗ ಹೊರಗೆ ಬಂದು ನೋಡಿ ಹೋಗುತ್ತಿದ್ದಳು. ನನಗೆ ತಮ್ಮನೋ ತಂಗಿಯೋ ಆಗಬೇಕಿದ್ದ ಕೂಸುಗಳು ಅವಳ ಹೊಟ್ಟೆಯಲ್ಲಿ ನಿಂತಿರಲಿಲ್ಲ. ಅದು ನನಗೆ ಆಗ ಅರೆಬರೆ ಗೊತ್ತಿತ್ತು. ಆ ಗೋಸುಂಬೆಯನ್ನು ನೋಡುವಾಗ ಅವಳ ಮುಖದಲ್ಲಿದ್ದುದು ಏನೆಂದು ನನಗೆ ತಿಳಿದದ್ದು ನಾನೂ ಬಸುರಿಯಾದ ಮೇಲೆ.

ಅವತ್ತಿನ ರಾತ್ರಿ ಒಲೆ ಕಾಯುವ ಪಾಳಿ ದೊಡ್ಡಪ್ಪನದು. ಅವನು ಕುಡಿದು ಮಲಗಿಬಿಟ್ಟಿದ್ದ. ಬೆಳಗಿನ ಜಾವ ಎಚ್ಚರವಾದಾಗ ಬೆಂಕಿ ಬೂದಿಯಾಗಿತ್ತು. ಗಾಬರಿಯಿಂದ ಒಂದೇ ಸಲಕ್ಕೆ ಇದ್ದ ಸೌದೆಯನ್ನೆಲ್ಲ ತುರುಕಿದ. ಬ್ಯಾರನ್ನಿನ ಬಾಗಿಲು ತೆಗೆದಾಗ ಇಡೀ ಸೊಪ್ಪು ಕರಟಿಹೋಗಿತ್ತು. ಕೂಲಿಗೆ ಬಂದವರಿಗೆಲ್ಲ ಅವನ ಬಾಯಿಯ ವಾಸನೆ ಬಂದಿತ್ತು. ಏನಾಗಿದೆ ಎಂದು ಎಲ್ಲರಿಗೂ ಗೊತ್ತಿತ್ತು, ಬಾಯಿ ಬಿಟ್ಟವರು ಯಾರೂ ಇಲ್ಲ. ಅವನಿಗೆ ಒಬ್ಬ ತಪ್ಪಿತಸ್ಥ ಬೇಕಾಗಿತ್ತು. ಹಿತ್ತಲಿಗೆ ಬಂದವನ ಕಣ್ಣಿಗೆ ಚಪ್ಪರದ ಮೇಲಿನ ಗೋಸುಂಬೆ ಬಿತ್ತು.

‘ಯಾವಳು ತಂದೋಳು ಇದ್ನ ಮನೆ ತಾವ್ಕೆ?’

ಅವ್ವ ಸುಳ್ಳು ಹೇಳಬಹುದಿತ್ತು. ತಾನಾಗಿ ಬಂತು ಎನ್ನಬಹುದಿತ್ತು. ತಲೆಯ ಮೇಲೆ ಸೆರಗು ಹೊದ್ದು, ‘ನಾನೇ ಬಾವ. ಬಸ್ರಿ ಅದು, ಮೊಟ್ಟೆ ಇಟ್ಬುಟ್ಟು ಹೋಯ್ತದೆ’ ಎಂದಳು. ದೊಡ್ಡಪ್ಪ ಹೆಗಲ ಮೇಲಿನ ಟವೆಲ್ಲನ್ನು ಕೈಗೆ ಸುತ್ತಿಕೊಂಡು ಅದನ್ನು ಹಿಡಿದ. ಅದು ಬಾಯಿ ಅಗಲಿಸಿ, ಮೈಯನ್ನೆಲ್ಲ ಕಪ್ಪು ಮಾಡಿಕೊಂಡು ಬುಸುಗುಟ್ಟಿತು. ಅವನು ನೇರ ಬ್ಯಾರನ್ನಿಗೆ ನಡೆದು ಒಲೆಯ ಬಾಯಿಯೊಳಗೆ ಎಸೆದ. ನಾನು ಅವನ ಹಿಂದೆಯೇ ಓಡಿದ್ದೆ. ಬೆಂಕಿಯೊಳಗೆ ಅದು ಹೆಜ್ಜೆ ಇಡಲು ನೋಡಿತು. ಆಗಲೂ ಅದು ಒಂದು ಕಾಲು ಮುಂದಿಟ್ಟು ತೂಗಿದ್ದನ್ನು ನಾನು ಕಂಡೆ.

ಅಷ್ಟಕ್ಕೇ ಅವನ ಹೊಟ್ಟೆ ತಣ್ಣಗಾಗಲಿಲ್ಲ. ಕೂಲಿಯವರನ್ನೆಲ್ಲ ಕರೆಸಿ ತೊಟ್ಟಿಯ ಸುತ್ತ ನಿಲ್ಲಿಸಿದ. ಅವ್ವನನ್ನು ಅಂಗಳದ ನಡುವೆ ನಿಲ್ಲಿಸಿ, ಅಜ್ಜಿಯ ಕೈಯಿಂದ ಅವಳ ತಲೆಯ ಮೇಲೆ ಗಂಜಳವನ್ನೂ ಅರಿಶಿನದ ನೀರನ್ನೂ ಸುರಿಸಿದ. ಅವ್ವನ ಸೀರೆ ಮೈಗಂಟಿಕೊಂಡಿತು. ಅವಳು ಎರಡು ಕೈಗಳನ್ನೂ ಎದೆಗೆ ಅಡ್ಡ ಹಿಡಿದು ನಿಂತಿದ್ದಳು. ದೊಡ್ಡಪ್ಪ ಎಲ್ಲರಿಗೂ ಕೇಳುವ ಹಾಗೆ ಹೇಳಿದ.

‘ಇಂಥ ದರಿದ್ರ ಮಡಿಲಿಗೆ ಕಟ್ಕಂಡು ಬಂದ್ರೆ ಸೊಪ್ಪು ಉಳಿತದಾ? ಇವಳ ಹೊಟ್ಟೇಲಿ ಗಂಡುಕೂಸು ಯಾಕೆ ನಿಲ್ನಿಲ್ಲ ಅಂತ ಈಗ್ ಗೊತ್ತಾಯ್ತಾ ಎಲ್ರಿಗೂ?’

ಅಪ್ಪ ದನದ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ. ಅವ್ವ ಇನ್ನು ಮೇಲೆ ಹೊಲಕ್ಕೂ ಕೆರೆಗೂ ಹೋಗಕೂಡದು, ಬಡಿಸುವ ಹೊತ್ತು ಬಿಟ್ಟರೆ ಅಡುಗೆಕೋಣೆ ಮತ್ತು ಬಚ್ಚಲು ದಾಟಕೂಡದು ಎಂದು ಅಪ್ಪಣೆಯಾಯಿತು. ‘ಅಣ್ಣ ಹೇಳ್ದಂಗೆ’ ಎಂದ ಅಪ್ಪ. ಆ ಮಾತಿಗಾಗಿ ಅಪ್ಪನನ್ನೂ ನಾನು ಬಹಳ ಕಾಲ ಕ್ಷಮಿಸಲಿಲ್ಲ. ಅವ್ವನ ಕೂದಲು ಒರೆಸಲು ಹೋದರೆ ಅವಳು ನನ್ನ ಕೈ ತಳ್ಳಿದಳು. ಅವತ್ತು ಸಂಜೆ ಮುದ್ದೆ ಮಾಡಿದಳು, ಬಡಿಸಿದಳು, ಪಾತ್ರೆ ತೊಳೆದಳು. ನಾನು ಮಲಗುವಾಗ ಮಾತ್ರ ಅಂದುಕೊಂಡೆ, ಇವನು ಅಳಬೇಕು. ನಾನು ನೋಡುತ್ತಿರುವಾಗಲೇ ಅಳಬೇಕು. ಅದು ಹೇಗೆ ಎಂದು ಮಾತ್ರ ಗೊತ್ತಿರಲಿಲ್ಲ. ಅವನು ಊರಿಗೇ ಗೌಡ, ನಾನು ಅವನ ಸೊಂಟದೆತ್ತರಕ್ಕೂ ಬಾರದ ಹುಡುಗಿ.

ದಾರಿ ತೋರಿಸಿದ್ದು ಒಂದು ಹಲ್ಲಿ. ಅದು ತಾನಾಗಿಯೇ ಬಿತ್ತು. ದೊಡ್ಡಪ್ಪ ಪಡಸಾಲೆಯಲ್ಲಿ ಉಣ್ಣಲು ಕೂತಿದ್ದಾಗ ಜಂತೆಯಲ್ಲಿ ಎರಡು ಹಲ್ಲಿಗಳು ಕಚ್ಚಾಡುತ್ತಿದ್ದವು. ಒಂದು ಜಾರಿ ಅವನ ಎಡಹೆಗಲ ಮೇಲೆ ತಪ್ ಎಂದು ಬಿದ್ದು ಓಡಿತು. ಕೇರೆಹಾವನ್ನು ದೊಣ್ಣೆಯಲ್ಲಿ ಬಡಿದು ಬೀದಿಯಲ್ಲಿ ತೂಗಿಸಿಕೊಂಡು ಬರುತ್ತಿದ್ದ ಗಂಡಸು ಎಂಜಲು ಕೈಯಲ್ಲೇ ಎದ್ದು ನಿಂತ. ಅವನ ಮುಖದ ರಕ್ತ ಇಳಿದುಹೋಗಿತ್ತು. ತುಟಿ ನಡುಗುತ್ತಿತ್ತು.

‘ಅವ್ವಾ, ಎಡಕ್ಕೆ ಬಿತ್ತು ಕಣವ್ವಾ. ಎಡಕ್ಕೆ ಬಿದ್ರೆ ಏನು?’

ಅಜ್ಜಿಗೆ ಹಲ್ಲಿಶಕುನವೆಂದರೆ ವೇದ. ‘ಒಳ್ಳೇದಲ್ಲ ಕಣಪ್ಪ, ನೀರು ಉಯ್ಕೊ ಹೋಗು’ ಎಂದಳು. ತಲೆಗೆ ನೀರು ಹೊಯ್ದುಕೊಂಡು ದೇವರಿಗೆ ದೀಪ ಹಚ್ಚಿದರೂ ಅವನ ನಡುಕ ನಿಲ್ಲಲಿಲ್ಲ. ಕಂಚಿಯ ದೇವಸ್ಥಾನದ ಹಲ್ಲಿಯನ್ನು ಮುಟ್ಟಿ ಬಂದವರನ್ನು ಮುಟ್ಟಿದರೆ ದೋಷ ಕಳೆಯುತ್ತದೆ ಎಂದು ಅಜ್ಜಿ ನೆನಪಿಸಿಕೊಂಡಳು. ನಮ್ಮೂರಿನಲ್ಲಿ ಕಂಚಿಗೆ ಹೋಗಿಬಂದವಳು ಒಬ್ಬಳೇ, ನಿಂಗಾಜಮ್ಮ. ನಮ್ಮ ಪಕ್ಕದ ಹೊಲದವಳು, ಗಂಡ ಸತ್ತವಳು. ಅವಳ ಬದುವಿನ ಕಲ್ಲನ್ನು ದೊಡ್ಡಪ್ಪ ಸರಿಸಿ, ಪಂಚಾಯಿತಿಯಲ್ಲಿ ಅವಳನ್ನೇ ಬಾಯಿಗೆ ಬಂದಂತೆ ಬೈದು ಕಳಿಸಿದ್ದ. ಅವನು ಒದ್ದೆ ತಲೆಯಲ್ಲೇ ಅವಳ ಬಾಗಿಲಿಗೆ ಹೋದ. ನಾನು ಹಿಂದೆ ಹೋದೆ.

‘ಯಾರು? ಗೌಡ್ರಾ? ಇರಿ, ಹಿಟ್ಟು ತೊಳಸ್ತಾ ಇವ್ನಿ’ ಎಂದು ಒಳಗಿನಿಂದ ನಿಂಗಾಜಮ್ಮ ಕೂಗಿದಳು. ಮುದ್ದೆ ಆಯಿತು, ಅವಳು ಉಂಡದ್ದೂ ಆಯಿತು, ತಟ್ಟೆ ತೊಳೆದದ್ದೂ ಆಯಿತು. ಬೀದಿಯ ಜನ ನಿಂತು ನೋಡಿದರು. ಆಮೇಲೆ ಅವಳು ಹೊರಗೆ ಬಂದು ಜಗಲಿಯ ಮೇಲೆ ಕೂತು ಬಲಗೈ ಚಾಚಿದಳು. ಊರ ಗೌಡ ಬಗ್ಗಿ ಅವಳ ಕೈ ಮುಟ್ಟಿದ. ಆ ಬಾಗಿದ ಬೆನ್ನನ್ನು ನೋಡಿದ ಕ್ಷಣವೇ ನನಗೆ ದಾರಿ ಗೊತ್ತಾಯಿತು.

ಹಲ್ಲಿ ಹಿಡಿಯುವುದು ಸುಲಭವಲ್ಲ. ಬಾಲ ಹಿಡಿದರೆ ಬಾಲ ಮಾತ್ರ ಕೈಯಲ್ಲಿ ಒದ್ದಾಡುತ್ತ ಉಳಿಯುತ್ತದೆ. ನೆರಳು ಬಿದ್ದರೆ ಓಡುತ್ತದೆ. ದೇವರ ಪಟಗಳ ಹಿಂದೆ, ಕಣಜದ ಮಗ್ಗುಲಲ್ಲಿ, ಬಚ್ಚಲ ಗೋಡೆಯಲ್ಲಿ ನಾನು ಅಲುಗಾಡದೆ ನಿಂತು ಕಾಯುವುದನ್ನು ಕಲಿತೆ. ತಲೆಯ ಕಡೆಯಿಂದ, ಗುಳಿ ಮಾಡಿದ ಅಂಗೈಯನ್ನು ನಿಧಾನ ತಂದು ಕವುಚಿದರೆ ಅದಕ್ಕೆ ನೋವಾಗುವುದಿಲ್ಲ. ಯಾವುದು ಎಲ್ಲಿ ಮಲಗುತ್ತದೆ, ಯಾವ ಹೊತ್ತಿಗೆ ಹುಳ ಹಿಡಿಯಲು ಹೊರಡುತ್ತದೆ, ಯಾವುದು ಯಾವುದನ್ನು ಓಡಿಸುತ್ತದೆ, ನಮ್ಮ ಮನೆಯ ಒಂದೊಂದು ಹಲ್ಲಿಯೂ ನನಗೆ ಮುಖಪರಿಚಯವಾಯಿತು. ಇವತ್ತು ಪೊದೆಯ ಮುಂದೆ ಉಸಿರು ಬಿಗಿಹಿಡಿದು ನಿಲ್ಲುವ ನನ್ನ ತಾಳ್ಮೆಯನ್ನು ಕಂಡು ಜೊತೆಗೆ ಬರುವ ಹುಡುಗರು ಮೆಚ್ಚುತ್ತಾರೆ. ಆ ತಾಳ್ಮೆ ಬಂದದ್ದು ದ್ವೇಷದಿಂದ ಎಂದರೆ ಅವರು ನಂಬುವುದಿಲ್ಲ.

ಬೆಲ್ಲ ತರಲು, ಕಡ್ಡಿ ಇಳಿಸಲು ಅಟ್ಟಕ್ಕೆ ಹತ್ತುವ ಕೆಲಸ ಹೇಗೂ ನನ್ನದೇ. ಸಂದಿನ ಪಕ್ಕ ಹೊಟ್ಟೆಯ ಮೇಲೆ ಮಲಗಿದರೆ ಕೆಳಗೆ ದೊಡ್ಡಪ್ಪನ ನೆತ್ತಿ, ಹೆಗಲು, ಊಟದ ತಟ್ಟೆ ಕಾಣುತ್ತಿದ್ದವು. ಕೈ ಬಿಟ್ಟರೆ ಹಲ್ಲಿ ಬೀಳುತ್ತಿತ್ತು. ಬಿದ್ದ ಹಲ್ಲಿ ಗೋಡೆ ಹತ್ತಿ ಹೋಗುತ್ತಿತ್ತು. ಅವನು ಹಾರಿಬೀಳುತ್ತಿದ್ದ. ನೀರು ಹೊಯ್ದುಕೊಳ್ಳುತ್ತಿದ್ದ. ನಿಂಗಾಜಮ್ಮನ ಬಾಗಿಲಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ. ಕೆಲವು ಸಲ ಹದಿನೈದು ದಿನ ಸುಮ್ಮನಿದ್ದು, ಅವನು ಮೀಸೆ ತಿರುವಲು ಶುರುಮಾಡಿದ ಮೇಲೆ ಬಿಡುತ್ತಿದ್ದೆ. ನಿಂಗಾಜಮ್ಮ ಒಂದು ದಿನ ಕೈ ಚಾಚುವ ಮೊದಲು, ‘ಬದಿನ ಕಲ್ಲು ಮೊದ್ಲು ಇದ್ ತಾವ್ಕೆ ಹೋಗ್ಲಿ ಗೌಡ್ರೆ, ಆಮ್ಯಾಕೆ ಮುಟ್ಟೀರಂತೆ’ ಎಂದಳು. ಮರುದಿನ ಬೆಳಿಗ್ಗೆ ಕಲ್ಲು ಹಿಂದಕ್ಕೆ ಹೋಯಿತು. ಅವನ ಊಟ ಕಡಿಮೆಯಾಯಿತು. ಉಣ್ಣುವಾಗ ಮೇಲೆ ನೋಡುತ್ತ ತುತ್ತನ್ನು ಮೂಗಿಗೆ ತಗುಲಿಸಿಕೊಳ್ಳುತ್ತಿದ್ದ. ಅಜ್ಜಿ, ‘ಯಾರ್ದೋ ಶಾಪ ಕಣಪ್ಪ ಇದು’ ಎಂದು ನಿಟ್ಟುಸಿರು ಬಿಡುತ್ತಿದ್ದಳು. ನನಗೆ ಅಯ್ಯೋ ಪಾಪ ಅನ್ನಿಸಲಿಲ್ಲ. ಈಗಲೂ ಅನ್ನಿಸುವುದಿಲ್ಲ. ಅವನ ನಡುಗುವ ತುಟಿ ನೋಡಿದ ರಾತ್ರಿಗಳಲ್ಲಿ ನನಗೆ ಒಳ್ಳೆಯ ನಿದ್ದೆ ಬರುತ್ತಿತ್ತು.

ಅವ್ವನಿಗೆ ಗೊತ್ತಾದದ್ದು ಒಂದು ಬೆಳಿಗ್ಗೆ. ಬಚ್ಚಲ ಗೋಡೆಗೆ ಅಂಗೈ ಕವುಚಿ ನಿಂತಿದ್ದ ನನ್ನ ಹಿಂದೆ ಅವಳು ನೀರಿನ ಕೊಡ ಹಿಡಿದು ನಿಂತಿದ್ದಳು. ನಾನು ಕೈ ತೆಗೆಯಲಿಲ್ಲ. ಅವಳು ಗದರಲಿಲ್ಲ. ಕೊಡ ಇಳಿಸಿ ಒಳಗೆ ಹೋದವಳು ಅಜ್ಜಿಯ ಖಾಲಿ ನಶ್ಯದ ಡಬ್ಬಿಯನ್ನು ತೊಳೆದು ಒರೆಸಿ ತಂದು ನನ್ನ ಲಂಗದ ಜೇಬಿಗೆ ಹಾಕಿದಳು.

‘ಲಂಗದಲ್ಲಿ ಕಟ್ಕಂಡ್ರೆ ಉಸ್ರು ಕಟ್ತದೆ ಅದ್ಕೆ. ಮುಚ್ಚಳಕ್ಕೆ ಮೊಳೇಲಿ ತೂತ ಹೊಡ್ದಿವ್ನಿ.’

ಅಷ್ಟೇ. ಆ ಮಾತನ್ನು ನಾವು ಮತ್ತೆ ಎತ್ತಲಿಲ್ಲ. ಆದರೆ ಅಲ್ಲಿಂದ ಮುಂದೆ ನಾನು ಒಂದನ್ನು ಗಮನಿಸಿದೆ. ಹೆದರಿದ ದೊಡ್ಡಪ್ಪ ತನ್ನ ಊಟದ ಜಾಗವನ್ನು ಬದಲಿಸಲು ನೋಡುತ್ತಿದ್ದ. ಒಮ್ಮೆ ಕಂಬದ ಪಕ್ಕ, ಒಮ್ಮೆ ಬಾಗಿಲ ಹತ್ತಿರ. ಮಣೆ ಹಾಕಿ ತಟ್ಟೆ ಇಡುವವಳು ಅವ್ವ. ಕಂಬದ ಹತ್ತಿರ ಸೋರುತ್ತದೆ ಎಂದೋ, ಬಾಗಿಲಲ್ಲಿ ಇರುವೆ ಎಂದೋ ಅಜ್ಜಿಯ ಬಾಯಲ್ಲಿ ಹೇಳಿಸಿ, ಮಣೆಯನ್ನು ಕಾಲಿನಿಂದ ಮೆಲ್ಲಗೆ ಸರಿಸಿ ಸರಿಸಿ, ಮತ್ತೆ ಸಂದಿನ ಕೆಳಕ್ಕೇ ತಂದುಬಿಡುತ್ತಿದ್ದಳು. ತಟ್ಟೆಗೆ ಸಾರು ಬಿಟ್ಟು ಹಿಂದೆ ಸರಿದು ನಿಲ್ಲುತ್ತಿದ್ದಳು. ತಲೆಯ ಮೇಲಿನ ಸೆರಗು ಒಂದಿಷ್ಟೂ ಜಾರಿರುತ್ತಿರಲಿಲ್ಲ.

ನಾನು ಏಳನೆಯ ತರಗತಿ ಮುಗಿಸುವ ಹೊತ್ತಿಗೆ ದೊಡ್ಡಪ್ಪ ನನ್ನ ಮದುವೆಯ ಮಾತು ತೆಗೆದ. ಅವನ ಮಗಳ ಗಂಡನ ಅಣ್ಣ, ಮೊದಲ ಹೆಂಡತಿ ಸತ್ತವನು, ಕಿವಿಯ ಹತ್ತಿರ ನರೆಗೂದಲು ಬಂದವನು. ‘ಹುಳ ಉಪ್ಪಟೆ ನೋಡ್ಕಂಡು ತಿರ್ಗೋ ಹೆಣ್ಣು, ಹೆಸ್ರು ಕೆಡಾಕೆ ಮುಂಚೆ ದಾಟಿಸ್ಬುಡಾದು ಒಳ್ಳೇದು’ ಎಂದ. ಅಪ್ಪ ಎಂದಿನಂತೆ ಅಣ್ಣನ ಮಾತು ಹೊತ್ತುಕೊಂಡ. ಅವ್ವ ಮೊದಲ ಸಲ ಅಡುಗೆಕೋಣೆಯ ಬಾಗಿಲಿಗೆ ಬಂದು ನಿಂತು ಮಾತಾಡಿದಳು.

‘ಬಾವ, ಇನ್ನೂ ಕೂಸು ಅದು. ಹುಣಸೂರಲ್ಲಿ ನಮ್ಮಣ್ಣನ ಮನೆ ಅದೆ. ಅಲ್ಲಿ ಇಸ್ಕೂಲಿಗೆ ಕಳಿಸಾನ.’

‘ನಿನ್ನ ಯಾರು ಕೇಳಿದ್ರು? ಒಳೀಕೆ ಹೋಗು.’

ಅವಳು ಒಳಕ್ಕೆ ಹೋದಳು. ಗಂಡಿನ ಕಡೆಯವರು ಬರುವ ದಿನ ನನಗೆ ಅವ್ವನ ಮದುವೆಯ ಸೀರೆ ಉಡಿಸಿ, ಜಡೆ ಹೆಣೆದು ಪಡಸಾಲೆಯ ಚಾಪೆಯ ಮೇಲೆ ಕೂರಿಸಿದರು. ನಾನು ಬೆಳಿಗ್ಗೆಯಿಂದ ಹಲ್ಲಿ ಹುಡುಕಲು ಬಿಡುವು ನೋಡಿದೆ. ಸುತ್ತ ಹೆಂಗಸರು, ಕೈ ತುಂಬ ಬಳೆ, ಕಾಲಿಗೆ ಸೀರೆ ತೊಡರು. ಅಟ್ಟ ಹತ್ತುವುದಿರಲಿ, ಬಚ್ಚಲಿಗೂ ಒಬ್ಬಳೇ ಹೋಗುವ ಹಾಗಿರಲಿಲ್ಲ. ಎದುರಿಗೆ ನರೆಗೂದಲಿನವನು, ಅವನ ಅಪ್ಪ ಅವ್ವ. ನಡುವೆ ದೊಡ್ಡಪ್ಪ, ಎಣ್ಣೆ ಹಚ್ಚಿ ಬಾಚಿದ ತಲೆ, ಮಡಿ ಪಂಚೆ. ಎಲ್ಲರಿಗೂ ಚಾಪೆ ಹಾಸಿದ್ದವಳು ಅವ್ವ. ಮಾತೆಲ್ಲ ಮುಗಿದು, ವೀಳ್ಯದ ತಟ್ಟೆ ಬದಲಾಗಬೇಕು. ಆ ತಟ್ಟೆ ಕೈ ಬದಲಾದರೆ ನನ್ನ ಓದು, ಕೆರೆ ಏರಿ ಎಲ್ಲ ಮುಗಿದಂತೆಯೇ. ಅಡುಗೆಕೋಣೆಯಿಂದ ಅವ್ವ ಯಾರಿಗೋ ಹೇಳುವುದು ಕೇಳಿಸಿತು.

‘ಪಾಯಸಕ್ಕೆ ಬೆಲ್ಲ ಸಾಲ್ದು. ಅಟ್ಟದಿಂದ ತತ್ತೀನಿ ಇರಿ.’

ದೊಡ್ಡಪ್ಪ ಎರಡು ಕೈಯಲ್ಲೂ ತಟ್ಟೆ ಎತ್ತಿದ. ‘ನಮ್ಮ ಹೆಣ್ಣು ಇನ್ಮೇಲೆ ನಿಮ್ಮದು’ ಎಂದು ಶುರುಮಾಡಿದ್ದ. ಮಾತು ಮುಗಿಯುವ ಮೊದಲು ಅವನ ನೆತ್ತಿಯ ನಟ್ಟನಡುವೆ ಹಲ್ಲಿ ಬಿತ್ತು. ಬಚ್ಚಲ ಗೋಡೆಯಲ್ಲಿದ್ದ ದೊಡ್ಡದು, ಕರಿ ಮಚ್ಚೆಯದು. ಎಣ್ಣೆಯ ತಲೆಯಲ್ಲಿ ಅದಕ್ಕೆ ಕಾಲು ನಿಲ್ಲಲಿಲ್ಲ. ಹಣೆಯ ಮೇಲಿಂದ ಜಾರಿ ವೀಳ್ಯದೆಲೆಯ ಮೇಲೆ ಬಿದ್ದು, ಅಲ್ಲಿಂದ ನೆಗೆದು ಗಂಡಿನ ಅವ್ವನ ಮಡಿಲಿಗೆ ಹೋಯಿತು. ತಟ್ಟೆ ಜಣ್ ಎಂದು ನೆಲಕ್ಕೆ ಬಿತ್ತು. ದೊಡ್ಡಪ್ಪ ಕೂಗಿದ ಕೂಗು ಗಂಡಸಿನದಾಗಿರಲಿಲ್ಲ. ಎಲ್ಲರ ಎದುರಿಗೆ, ಬೀಗರ ಎದುರಿಗೆ, ಬಾಗಿಲಲ್ಲಿ ನಿಂತ ಊರಿನವರ ಎದುರಿಗೆ ಎರಡೂ ಕೈಗಳಿಂದ ತಲೆ ಹಿಡಿದು ಗೋಳೋ ಎಂದು ಅತ್ತ. ಗಂಡಿನ ಅವ್ವ ಸೀರೆ ಕೊಡವುತ್ತ ಎದ್ದಳು.

‘ಏಳ್ರೀ, ಏಳಿ. ನೆತ್ತಿ ಮ್ಯಾಲೆ ಬಿದ್ದದೆ. ಈ ಮನೆ ನೀರೂ ಬ್ಯಾಡ.’

ಅವರು ಊಟ ಮಾಡದೆ ಹೋದರು. ಗಲಾಟೆಯ ನಡುವೆ ನಾನು ತಲೆ ಎತ್ತಿ ನೋಡಿದೆ. ಸಂದಿನಾಚೆ ಕತ್ತಲಲ್ಲಿ ಅವ್ವನ ಒಂದು ಕಣ್ಣು ಕಾಣುತ್ತಿತ್ತು. ಅದು ನನ್ನನ್ನು ನೋಡುತ್ತಿರಲಿಲ್ಲ. ಅಳುತ್ತಿದ್ದ ಅವನನ್ನು ನೋಡುತ್ತಿತ್ತು, ಸಾವಕಾಶವಾಗಿ, ಕೇರೆಹಾವು ಇಲಿ ನುಂಗುವುದನ್ನು ನೋಡಿದ ಹಾಗೆ. ಆಮೇಲೆ ಅವಳು ಬೆಲ್ಲದ ಅಚ್ಚು ಹಿಡಿದು ಏಣಿ ಇಳಿದು ಬಂದಳು. ಸಂಜೆ ಬಚ್ಚಲಲ್ಲಿ ಪಾತ್ರೆ ಬೆಳಗುತ್ತಿದ್ದವಳ ಪಕ್ಕ ಕೂತು, ‘ನೀನಾ?’ ಎಂದೆ.

‘ನಾನು ಬೆಲ್ಲ ಹುಡುಕ್ತಿದ್ದೆ ಕಣಮ್ಮಿ’ ಎಂದಳು. ಆಮೇಲೆ ನಕ್ಕಳು. ಬೂದಿ ಮೆತ್ತಿದ ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಮೈ ಕುಲುಕುವ ಹಾಗೆ ನಕ್ಕಳು. ನಮ್ಮ ಮನೆಯೊಳಗೆ ನಾನು ಆ ನಗು ಕೇಳಿದ್ದು ಅದೇ ಮೊದಲು.

ನೆತ್ತಿಯ ಹಲ್ಲಿ ಸಾವಿನ ಸೂಚನೆಯೆಂದು ದೊಡ್ಡಪ್ಪ ನಂಬಿದ. ಈ ಮನೆಯೇ ತನ್ನನ್ನು ತಿನ್ನುತ್ತದೆ ಎಂದು, ಬ್ಯಾರನ್ನಿನ ಪಕ್ಕ ಶೀಟಿನ ಮನೆ ಕಟ್ಟಿಕೊಂಡು ಅಲ್ಲಿಗೆ ಹೋದ. ಅಟ್ಟವಿಲ್ಲದ, ಜಂತೆಯಿಲ್ಲದ ಮನೆ. ತೊಟ್ಟಿಮನೆಯ ಬೀಗದ ಕೈ ಅಜ್ಜಿಯ ಸೊಂಟಕ್ಕೆ ಬಂದು, ಅಲ್ಲಿಂದ ಅವ್ವನ ಸೊಂಟಕ್ಕೆ ಬಂತು. ನಾನು ಹುಣಸೂರಿನ ಮಾವನ ಮನೆಯಲ್ಲಿದ್ದು ಓದಿದೆ. ‘ಯಾರು ಹೇಳಿದ್ದು ಕಳ್ಸು ಅಂತ?’ ಎಂದು ಅಪ್ಪ ಕೇಳಿದಾಗ ಅವ್ವ, ‘ನಾನು’ ಎಂದಳಂತೆ. ಮೊದಲ ಮಳೆಗೆ ನಾನು ರಜೆ ಹಾಕಿ ಊರಿಗೆ ಹೋಗುತ್ತಿದ್ದೆ. ಅವ್ವ ಯಾರನ್ನೂ ಕೇಳದೆ ಚಪ್ಪಲಿ ಮೆಟ್ಟಿ, ತಲೆಯ ಸೆರಗು ತೆಗೆದು ಸೊಂಟಕ್ಕೆ ಬಿಗಿದು, ನನಗಿಂತ ಮುಂದೆ ಕೆರೆ ಏರಿ ಹತ್ತುತ್ತಿದ್ದಳು.

ದೊಡ್ಡಪ್ಪ ಅವತ್ತು ಸಾಯಲಿಲ್ಲ. ಬಹಳ ವರ್ಷ ಬದುಕಿದ, ಬದುಕಿದಷ್ಟೂ ದಿನ ಮೇಲೆ ನೋಡಿಕೊಂಡೇ ಬದುಕಿದ. ಕೊನೆಗೆ ಲಕ್ವ ಹೊಡೆದು ಒಂದು ಮಗ್ಗುಲು ಬಿದ್ದುಹೋದಾಗ ಅವನ ಮಗಳು ಒಂದು ವಾರ ಇದ್ದು ಹೋದಳು. ಅವ್ವ ಅವನನ್ನು ತೊಟ್ಟಿಮನೆಗೆ ಎತ್ತಿಸಿ ತಂದು ಪಡಸಾಲೆಯಲ್ಲಿ ಮಲಗಿಸಿದಳು. ಗಂಜಿ ಕುಡಿಸಿದಳು, ಬಟ್ಟೆ ಬದಲಿಸಿದಳು. ಊರಿನವರು ಅವಳನ್ನು ದೇವರಂಥವಳು ಎಂದರು. ನಾನು ಹುಣಸೂರಿನಿಂದ ನೋಡಲು ಹೋದ ದಿನ ಅಡುಗೆಕೋಣೆಯಲ್ಲಿ ಅವ್ವನನ್ನು ಕೇಳಿದೆ.

‘ಹೇಳ್ಬುಡ್ಲಾ ಅವ್ವ? ಹಾಕಿದ್ದು ನಾವು ಅಂತ? ಸಾಯಕ್ ಮುಂಚೆ ಗೊತ್ತಾಗ್ಲಿ.’

ಅವ್ವ ಗಂಜಿ ತಿರುವುತ್ತಿದ್ದ ಸೌಟನ್ನು ನಿಲ್ಲಿಸಲಿಲ್ಲ.

‘ಬ್ಯಾಡ. ನಾವು ಅಂತ ಗೊತ್ತಾದ್ರೆ ಅವನಿಗೆ ಸಮಾಧಾನ ಆಗೋಯ್ತದೆ. ಇಷ್ಟು ದಿನ ದೇವ್ರು ಹೊಡೀತಾ ಅವ್ನೆ ಅಂತ ತಿಳ್ಕಂಡವ್ನೆ. ಅಂಗೇ ತಿಳ್ಕಂಡೇ ಹೋಗ್ಲಿ ಬುಡು.’

ನಾನು ಹೋಗಿ ಅವನ ಪಕ್ಕ ಕೂತೆ. ಮಧ್ಯಾಹ್ನದ ಬಿಸಿಲು ತೊಟ್ಟಿಯಿಂದ ಪಡಸಾಲೆಯವರೆಗೂ ಬಂದಿತ್ತು. ಅವನ ಮಾತು ತೊದಲುತ್ತಿತ್ತು, ಆದರೆ ತಿಳಿಯುತ್ತಿತ್ತು.

‘ಅಮ್ಮಿ, ನೀನು ಓದ್ದೋಳು. ನನ್ನ ಮ್ಯಾಲೇ ಯಾಕೆ ಬೀಳ್ತಿದ್ದೋ ಅವು? ನಾನೇನ್ ಪಾಪ ಮಾಡಿದ್ದೆ?’

‘ನೀವೇ ನೆನಪು ಮಾಡ್ಕಳಿ ದೊಡ್ಡಪ್ಪ’ ಎಂದೆ.

ಅವನು ಕಣ್ಣು ಮುಚ್ಚಿ ಹುಡುಕತೊಡಗಿದ. ನಿಂಗಾಜಮ್ಮನ ಬದುವಿನ ಕಲ್ಲು ಎಂದ. ಅದನ್ನು ವಾಪಸು ಇಟ್ಟಿರಲ್ಲ ಎಂದೆ. ಹೊಲದ ನಡುವೆ ಇದ್ದ ಹುತ್ತವನ್ನು ಅಗೆಸಿದ್ದು ಎಂದ. ಅಲ್ಲವೆಂದು ತಲೆಯಾಡಿಸಿದೆ. ಸಾಯುವಾಗ ದೊಡ್ಡಮ್ಮ ನೀರು ಕೇಳಿದರೆ ಎದ್ದು ಹೋಗಿ ಕೊಡದೆ ಮಲಗಿದ್ದು ಎಂದ. ಅದು ನನಗೆ ಗೊತ್ತಿರಲಿಲ್ಲ. ಹೀಗೆ ಒಂದೊಂದೇ ತೆಗೆದು ನನ್ನ ಮುಖ ನೋಡುತ್ತಿದ್ದ. ಅವ್ವ ಗಂಜಿಯ ಬಟ್ಟಲು ಹಿಡಿದು ಬಂದು, ಅವನ ತಲೆಯನ್ನು ತನ್ನ ತೋಳಿನ ಮೇಲೆ ಎತ್ತಿಕೊಂಡು, ಚಮಚದಲ್ಲಿ ಕುಡಿಸಲು ಶುರುಮಾಡಿದಳು.

‘ಅದೂ ಅಲ್ವೇನಮ್ಮಿ?’

‘ಅದಿರಲಾರ್ದು. ಇನ್ನೂ ಯೋಚ್ನೆ ಮಾಡಿ.’

ಅವನು ಯೋಚಿಸಿದ. ಅವ್ವನ ತೋಳಿನ ಮೇಲೆ ತಲೆಯಿಟ್ಟು, ಅವಳ ಕೈಯ ಗಂಜಿ ನುಂಗುತ್ತ, ಉಸಿರಿರುವವರೆಗೂ ಯೋಚಿಸಿದ. ಅವಳ ಹೆಸರು ಮಾತ್ರ ಅವನ ಬಾಯಿಗೆ ಬರಲೇ ಇಲ್ಲ.